ಕೆಳಬೆನ್ನಿನ ನೋವು: ಸ್ಕ್ಯಾನ್ ವರದಿಗೂ ರೋಗಿಯ ತೊಂದರೆಗೂ ತಾಳೆಯಾಗದಿದ್ದಾಗ ವರ್ಗೀಕರಣ ಹೇಗೆ?

ಪ್ರಶ್ನೆ: ಸಾಮಾನ್ಯ ವೈದ್ಯೆ

ಎಲ್ಲರಿಗೂ ನಮಸ್ಕಾರ. ನಾನು ಸಾಮಾನ್ಯ ವೈದ್ಯವೃತ್ತಿಯಲ್ಲಿದ್ದೇನೆ. ನನ್ನ ಹೊರರೋಗಿ ವಿಭಾಗಕ್ಕೆ ಬರುವವರಲ್ಲಿ ಕೆಳಬೆನ್ನಿನ ನೋವಿನವರ ಪಾಲು ದೊಡ್ಡದು. ಅವರಲ್ಲಿ ಬಹಳ ಮಂದಿ ನನ್ನನ್ನು ಕಾಣುವ ಹೊತ್ತಿಗಾಗಲೇ ಎಂಆರ್‌ಐ ಮಾಡಿಸಿಕೊಂಡಿರುತ್ತಾರೆ, ಮತ್ತು ವರದಿಯ ಕೊನೆಯಲ್ಲಿರುವ ‘ಎಲ್4-ಎಲ್5 ಡಿಸ್ಕ್ ಉಬ್ಬಿದೆ’ (ಸೊಂಟದ ನಾಲ್ಕನೆಯ ಮತ್ತು ಐದನೆಯ ಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ) ಎಂಬ ಸಾಲನ್ನೇ ತಮ್ಮ ಕಾಯಿಲೆಯ ಹೆಸರೆಂದು ಹೇಳುತ್ತಾರೆ.

ಈಚೆಗೆ ಹೆಚ್ಚುಕಡಿಮೆ ಒಂದೇ ಬಗೆಯ ವರದಿ ಹಿಡಿದು ಇಬ್ಬರು ಬಂದಿದ್ದರು. ಒಬ್ಬರಿಗೆ ಭಾರ ಎತ್ತಿದ ಮೇಲೆ ಸೊಂಟ ಹಿಡಿದುಕೊಂಡಿತ್ತು. ನೋವು ಬೆನ್ನು ಬಿಟ್ಟು ಕೆಳಗಿಳಿದಿರಲಿಲ್ಲ, ಕಾಲಿನ ಬಲ, ಸ್ಪರ್ಶ, ರಿಫ್ಲೆಕ್ಸ್ ಎಲ್ಲವೂ ಸರಿಯಾಗಿದ್ದವು. ಇನ್ನೊಬ್ಬರಿಗೆ ಬೆನ್ನಿಗಿಂತ ಕಾಲಿನ ಸೆಳೆತವೇ ಹೆಚ್ಚು. ಪಾದದ ಮೇಲ್ಭಾಗದಲ್ಲಿ ಜೋಮು, ಹೆಬ್ಬೆರಳನ್ನು ಮೇಲಕ್ಕೆತ್ತುವ ಬಲ ತುಸು ಕುಂದಿತ್ತು. ವರದಿ ಒಂದೇ ಆದರೂ ಇವರಿಬ್ಬರದು ಒಂದೇ ಕಾಯಿಲೆ ಎಂದು ನನಗೆ ಅನ್ನಿಸುವುದಿಲ್ಲ. ಆದರೆ ಚೀಟಿಯಲ್ಲಿ ರೋಗನಿರ್ಣಯ ಬರೆಯುವಾಗ ಏನೆಂದು ಬರೆಯಬೇಕೆಂಬ ಗೊಂದಲ ಉಳಿಯಿತು.

ನನ್ನ ಪ್ರಶ್ನೆಗಳು ಇವು. ದಿನನಿತ್ಯದ ಚಿಕಿತ್ಸೆಯಲ್ಲಿ ನಿಜಕ್ಕೂ ಬಳಕೆಗೆ ಬರುವ ವರ್ಗೀಕರಣ ಯಾವುದು? ಪಠ್ಯಪುಸ್ತಕಗಳಲ್ಲಿ ಪಟ್ಟಿ ಮಾಡಿರುವ ಅಪಾಯಸೂಚನೆಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು? ಎಂಆರ್‌ಐಯನ್ನು ಯಾವಾಗ ಕೇಳಬೇಕು, ಯಾವಾಗ ಬೇಡವೆನ್ನಬೇಕು? ಅನುಭವಿಗಳು ವಿವರವಾಗಿ ಬರೆದರೆ ನನ್ನಂಥ ಅನೇಕರಿಗೆ ಉಪಕಾರವಾಗುತ್ತದೆ.

ಉತ್ತರ 1: ಕುಟುಂಬ ವೈದ್ಯಶಾಸ್ತ್ರದ ಬೋಧಕ

ಡಾಕ್ಟರ್, ನಿಮ್ಮ ಅನುಮಾನ ಸರಿಯಾಗಿದೆ. ಅವರಿಬ್ಬರದು ಬೇರೆಬೇರೆ ಕಾಯಿಲೆ, ಮತ್ತು ಅದನ್ನು ಬೇರ್ಪಡಿಸಿದ್ದು ನಿಮ್ಮ ಪರೀಕ್ಷೆಯೇ ಹೊರತು ಸ್ಕ್ಯಾನ್ ಅಲ್ಲ.

ಬೆನ್ನುನೋವಿಗೆ ಹತ್ತಾರು ವರ್ಗೀಕರಣಗಳಿವೆ. ನನ್ನ ಅಭಿಪ್ರಾಯದಲ್ಲಿ, ನಮ್ಮ ಮುಂದಿನ ಹೆಜ್ಜೆಯನ್ನು ಬದಲಿಸದ ವರ್ಗೀಕರಣದಿಂದ ರೋಗಿಗೆ ಪ್ರಯೋಜನವಿಲ್ಲ. ಆ ದೃಷ್ಟಿಯಿಂದ, ಸ್ಕಾಟ್ಲೆಂಡ್‌ನ ಮೂಳೆತಜ್ಞ ಗಾರ್ಡನ್ ವಾಡೆಲ್ 1987ರಲ್ಲಿ ಮುಂದಿಟ್ಟ ಮೂರು ಗುಂಪುಗಳ ವಿಂಗಡಣೆಯೇ ಇಂದಿಗೂ ಹೆಚ್ಚು ಬಾಳಿಕೆಯದು. ಮೊದಲನೆಯದು ಗಂಭೀರ ಕಾರಣವಿರುವ ನೋವು: ಮೂಳೆಮುರಿತ, ಕ್ಯಾನ್ಸರ್, ಸೋಂಕು, ಉರಿಯೂತದ ಸಂಧಿರೋಗ, ಬೆನ್ನುಹುರಿಯ ಕೆಳಗಿನ ನರಗುಚ್ಛ ಒತ್ತಿಹೋಗುವ ಕಾಡಾ ಈಕ್ವೈನಾ ತೊಂದರೆ. ಎರಡನೆಯದು ನರಮೂಲದ ನೋವು, ಅಂದರೆ ಬೆನ್ನುಹುರಿಯಿಂದ ಹೊರಡುವ ನರದ ಬುಡ ಕೆರಳಿ ಅಥವಾ ಒತ್ತಿಹೋಗಿ ಕಾಲಿಗಿಳಿಯುವ ನೋವು. ಬೆನ್ನುಮೂಳೆಯ ನಾಳ ಕಿರಿದಾಗುವ ತೊಂದರೆಯನ್ನೂ ಇದರ ಜೊತೆಯಲ್ಲೇ ಇಡಬಹುದು. ಮೂರನೆಯದು, ಇಂಥದೇ ಅಂಗಾಂಶದಿಂದ ಬಂದಿದೆಯೆಂದು ನಂಬಿಕೆಯಿಂದ ಬೊಟ್ಟುಮಾಡಲಾಗದ, ನಿರ್ದಿಷ್ಟವಲ್ಲದ ಕೆಳಬೆನ್ನಿನ ನೋವು. ಪ್ರಾಥಮಿಕ ಆರೈಕೆಗೆ ಬರುವವರಲ್ಲಿ ಸುಮಾರು ಶೇ. 85ರಿಂದ 90ರಷ್ಟು ಜನ ಈ ಕೊನೆಯ ಗುಂಪಿನವರು. ನಿಮ್ಮ ಮೊದಲ ರೋಗಿ ಅಲ್ಲಿಗೆ ಸೇರುತ್ತಾರೆ, ಎರಡನೆಯವರು ನರಮೂಲದ ಗುಂಪಿಗೆ.

ಇದಕ್ಕೆ ಕಾಲಾವಧಿಯನ್ನೂ ಸೇರಿಸಿ ಬರೆಯಿರಿ. ಆರು ವಾರದೊಳಗಿನದು ತೀವ್ರ, ಆರರಿಂದ ಹನ್ನೆರಡು ವಾರದ್ದು ಉಪತೀವ್ರ, ಹನ್ನೆರಡು ವಾರ ದಾಟಿದ್ದು ದೀರ್ಘಕಾಲಿಕ. ಅವಧಿ ಬೆಳೆದಂತೆ ಕೇಳಬೇಕಾದ ಪ್ರಶ್ನೆಯೂ ಬದಲಾಗುತ್ತದೆ: ಮೊದಲ ವಾರಗಳಲ್ಲಿ ‘ಅಪಾಯಕಾರಿಯಾದದ್ದು ಏನಾದರೂ ಇದೆಯೇ’ ಎಂಬುದು ಮುಖ್ಯ, ತಿಂಗಳುಗಳು ಕಳೆದ ಮೇಲೆ ‘ಇವರು ಚೇತರಿಸಿಕೊಳ್ಳಲು ಅಡ್ಡಬಂದಿರುವುದು ಏನು’ ಎಂಬುದು ಅಷ್ಟೇ ಮುಖ್ಯವಾಗುತ್ತದೆ.

ವಿಂಗಡಣೆಗೂ ಮೊದಲು, ನೋವು ಬೆನ್ನುಮೂಳೆಯದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮೂತ್ರಪಿಂಡದ ಕಲ್ಲು, ಮೇದೋಜೀರಕ ಗ್ರಂಥಿಯ ಕಾಯಿಲೆ, ಶ್ರೋಣಿಯ ಅಂಗಗಳ ತೊಂದರೆ, ಸೊಂಟದ ಕೀಲಿನ ಸವೆತ, ಗುಳ್ಳೆ ಏಳುವ ಮೊದಲಿನ ಸರ್ಪಸುತ್ತು, ವಯಸ್ಸಾದವರಲ್ಲಿ ಹೊಟ್ಟೆಯ ಮಹಾಪಧಮನಿಯ ಉಬ್ಬು, ಇವೆಲ್ಲ ಬೆನ್ನುನೋವಿನ ರೂಪದಲ್ಲೇ ಬರಬಲ್ಲವು. ಬಾಗಿದರೂ ಮಲಗಿದರೂ ತಿರುಗಿದರೂ ಏರಿಳಿತವಿಲ್ಲದ ನೋವಿದ್ದರೆ ಹೊಟ್ಟೆಯನ್ನು ಮುಟ್ಟಿ ನೋಡದೆ ರೋಗಿಯನ್ನು ಕಳುಹಿಸಬಾರದು.

ಇನ್ನು ಅಪಾಯಸೂಚನೆಗಳ ವಿಷಯ. ಆಸ್ಟ್ರೇಲಿಯಾದ ಪ್ರಾಥಮಿಕ ಆರೈಕೆಯಲ್ಲಿ ತೀವ್ರ ಬೆನ್ನುನೋವಿನ 1172 ರೋಗಿಗಳನ್ನು ಅನುಸರಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಗಂಭೀರ ಕಾರಣ ಸಿಕ್ಕಿದ್ದು ಹನ್ನೊಂದು ಮಂದಿಯಲ್ಲಿ ಮಾತ್ರ, ಅಂದರೆ ಶೇ. 1ಕ್ಕಿಂತ ಕಡಿಮೆ, ಅವರಲ್ಲಿ ಎಂಟು ಮಂದಿಗೆ ಇದ್ದದ್ದು ಮೂಳೆಮುರಿತ. ಆದರೆ ಅದೇ ರೋಗಿಗಳಲ್ಲಿ ಶೇ. 80ರಷ್ಟು ಜನರಿಗೆ ಪಟ್ಟಿಯ ಯಾವುದಾದರೊಂದು ಅಪಾಯಸೂಚನೆ ಇದ್ದೇ ಇತ್ತು. ಹಾಗಾಗಿ ಒಂಟಿ ಸೂಚನೆಯನ್ನು ಕಂಡು ಸ್ಕ್ಯಾನ್‌ಗೆ ಕಳುಹಿಸುವವರು ಬಹುತೇಕ ಎಲ್ಲರನ್ನೂ ಕಳುಹಿಸಬೇಕಾಗುತ್ತದೆ. ಸೂಚನೆಗಳನ್ನು ಕೂಡಿಸಿ ಓದುವುದೇ ಸರಿಯಾದ ದಾರಿ. ಹೆಚ್ಚಿದ ವಯಸ್ಸು, ದೀರ್ಘಕಾಲ ಸ್ಟೀರಾಯ್ಡ್ ಸೇವನೆ, ಬಿದ್ದ ಪೆಟ್ಟು ಇವು ಒಟ್ಟಿಗೆ ಬಂದರೆ ಮೂಳೆಮುರಿತದ ಸಂಭವ ಬಹಳ ಏರುತ್ತದೆ. ಕ್ಯಾನ್ಸರ್ ಕುರಿತು ಒಂಟಿಯಾಗಿಯೂ ತೂಕವಿರುವ ಪ್ರಶ್ನೆಯೆಂದರೆ, ಹಿಂದೆ ಕ್ಯಾನ್ಸರ್ ಆಗಿತ್ತೇ ಎಂಬುದು. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡ, ಥೈರಾಯ್ಡ್ ಕ್ಯಾನ್ಸರ್‌ಗಳು ಮೂಳೆಗೆ ಹರಡುವ ಸ್ವಭಾವದವು; ಚಿಕಿತ್ಸೆ ಮುಗಿದು ವರ್ಷಗಳಾಗಿರುವುದರಿಂದ ರೋಗಿ ತಾನಾಗಿ ಹೇಳದೆ ಇರಬಹುದು.

ಸೋಂಕಿನ ವಿಷಯದಲ್ಲಿ ಜ್ವರವಿಲ್ಲವೆಂದು ನಿಶ್ಚಿಂತರಾಗಬೇಡಿ. ಬೆನ್ನುಮೂಳೆಯ ಕ್ಷಯ ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಜ್ವರ ಇಲ್ಲದೆಯೂ ಇರಬಹುದು, ಆರಂಭದಲ್ಲಿ ಎಕ್ಸ್‌ರೇ ಸಹಜವಾಗಿಯೇ ಕಾಣಬಹುದು. ಕ್ಷಯ ಹೆಚ್ಚಾಗಿರುವ ಪ್ರದೇಶದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ, ವಿಶ್ರಾಂತಿಗೂ ಬಗ್ಗದ ನೋವು ದಿನೇದಿನೇ ಏರುತ್ತಿದ್ದು ತೂಕ ಇಳಿಯುತ್ತಿದ್ದರೆ ಇಎಸ್‌ಆರ್, ಸಿಆರ್‌ಪಿ ಎಂಬ, ಉರಿಯೂತ ತೋರಿಸುವ ರಕ್ತಪರೀಕ್ಷೆಗಳನ್ನು ಮಾಡಿಸಿ. ಅವು ಏರಿದ್ದರೆ ಎಂಆರ್‌ಐ ತಡಮಾಡಬಾರದು.

ಕಾಡಾ ಈಕ್ವೈನಾ ಕುರಿತು ರೋಗಿಯೇ ಹೇಳಲಿ ಎಂದು ಕಾಯಬಾರದು. ಸಂಕೋಚದಿಂದ ಅನೇಕರು ಬಾಯಿ ಬಿಡುವುದಿಲ್ಲ. ಮೂತ್ರ ಬಂದದ್ದು ಗೊತ್ತಾಗುತ್ತದೆಯೇ, ಮೂತ್ರ ಶುರುಮಾಡಲು ಕಷ್ಟವಾಗುತ್ತಿದೆಯೇ, ಶೌಚದ ನಂತರ ಒರೆಸಿಕೊಳ್ಳುವಾಗ ಅಥವಾ ತೊಳೆದುಕೊಳ್ಳುವಾಗ ಸ್ಪರ್ಶ ಮೊದಲಿನಂತೆ ಇದೆಯೇ, ಲೈಂಗಿಕ ಸಂವೇದನೆ ಬದಲಾಗಿದೆಯೇ, ಎರಡೂ ಕಾಲುಗಳಿಗೆ ಸೆಳೆತವಿದೆಯೇ, ಹೀಗೆ ನೇರವಾಗಿ, ಗೌರವದಿಂದ ಕೇಳಿ. ಅನುಮಾನ ಬಂದರೆ ಅದೇ ದಿನ ಎಂಆರ್‌ಐ ಆಗಬೇಕು. ಮೂತ್ರ ವಿಸರ್ಜನೆಯ ನಂತರವೂ ಮೂತ್ರಕೋಶದಲ್ಲಿ 200 ಮಿಲಿಲೀಟರ್‌ಗಿಂತ ಹೆಚ್ಚು ಉಳಿದಿದ್ದರೆ ಅನುಮಾನ ಇನ್ನಷ್ಟು ಬಲವಾಗುತ್ತದೆ. ಇಲ್ಲಿ ಕಳೆದುಕೊಂಡ ಗಂಟೆಗಳಿಗೆ ರೋಗಿ ಜೀವನಪರ್ಯಂತ ಬೆಲೆ ತೆರಬೇಕಾಗಬಹುದು.

ಈ ಸಂದರ್ಭಗಳನ್ನು ಬಿಟ್ಟರೆ, ಮೊದಲ ಆರು ವಾರಗಳಲ್ಲಿ ಎಕ್ಸ್‌ರೇಯಾಗಲಿ ಎಂಆರ್‌ಐಯಾಗಲಿ ಬೇಕಿಲ್ಲ. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಗೆ ಎಂಆರ್‌ಐ ಮಾಡಿದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು. ಇಂಥ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ 2015ರ ವಿಮರ್ಶೆಯ ಪ್ರಕಾರ, ನೋವಿಲ್ಲದವರಲ್ಲಿ ಡಿಸ್ಕ್ ಸವೆತ ಕಾಣುವ ಪ್ರಮಾಣ ಇಪ್ಪತ್ತರ ವಯಸ್ಸಿನಲ್ಲಿ ಶೇ. 37, ಎಂಬತ್ತರಲ್ಲಿ ಶೇ. 96. ತಲೆಗೂದಲು ನರೆಯುವಂತೆ ಡಿಸ್ಕ್‌ಗಳೂ ವಯಸ್ಸಿನೊಂದಿಗೆ ಬದಲಾಗುತ್ತವೆ. ಆದ್ದರಿಂದ ವರದಿಯಲ್ಲಿ ಬರೆದದ್ದು ಸುಳ್ಳಲ್ಲದಿದ್ದರೂ, ನೋವಿನ ಕಾರಣ ಅದೇ ಎಂದು ಹೇಳಲು ರೋಗಿಯ ಲಕ್ಷಣ ಮತ್ತು ನಿಮ್ಮ ಪರೀಕ್ಷೆ ಎರಡೂ ಅದಕ್ಕೆ ಒಪ್ಪಬೇಕು.

ಉತ್ತರ 2: ಸಂಧಿವಾತ ತಜ್ಞೆ

ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಉರಿಯೂತದ ಬೆನ್ನುನೋವನ್ನು ಗಂಭೀರ ಕಾರಣಗಳ ಪಟ್ಟಿಯಲ್ಲಿ ಹೆಸರಿಸಿ ಮುಂದೆ ಹೋಗುವುದು ವಾಡಿಕೆಯಾಗಿಬಿಟ್ಟಿದೆ. ಆದರೆ ಇದು ವಾರದಲ್ಲಿ ಜೀವಕ್ಕೆ ಎರವಾಗುವ ಕಾಯಿಲೆಯಲ್ಲವಾದ್ದರಿಂದಲೇ ತುರ್ತಿನ ಪ್ರಶ್ನೆಗಳ ನಡುವೆ ಕಣ್ತಪ್ಪಿಹೋಗುತ್ತದೆ, ಮತ್ತು ಯುವಜನ ವರ್ಷಗಟ್ಟಲೆ ‘ಡಿಸ್ಕ್ ತೊಂದರೆ’ ಎಂಬ ಹೆಸರಿನಲ್ಲಿ ಅಲೆಯುತ್ತಾರೆ.

ನಲವತ್ತೈದರೊಳಗೆ ಶುರುವಾಗಿ ಮೂರು ತಿಂಗಳು ದಾಟಿದ ಪ್ರತಿಯೊಂದು ಬೆನ್ನುನೋವಿನಲ್ಲೂ ಕೆಲವು ಪ್ರಶ್ನೆಗಳನ್ನು ತಪ್ಪದೆ ಕೇಳಿ. ಬೆಳಗ್ಗೆ ಎದ್ದಾಗ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಇರುತ್ತದೆಯೇ? ವಿಶ್ರಾಂತಿಯಿಂದ ಹೆಚ್ಚಾಗಿ, ಓಡಾಡಿದರೆ ಕಡಿಮೆಯಾಗುತ್ತದೆಯೇ? ರಾತ್ರಿಯ ಎರಡನೆಯ ಭಾಗದಲ್ಲಿ ನೋವು ಎಬ್ಬಿಸುತ್ತದೆಯೇ? ಪೃಷ್ಠದ ನೋವು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುತ್ತದೆಯೇ? ಕಣ್ಣು ಕೆಂಪಾಗಿ ನೋವಾದದ್ದು, ಸೋರಿಯಾಸಿಸ್, ಕರುಳಿನ ಉರಿಯೂತ, ಹಿಮ್ಮಡಿ ನೋವು, ಮನೆಯವರಲ್ಲಿ ಇಂಥದೇ ಕಾಯಿಲೆ ಇವನ್ನೂ ವಿಚಾರಿಸಿ. ಉರಿಯೂತ ತಗ್ಗಿಸುವ ನೋವಿನ ಮಾತ್ರೆಗೆ ಒಂದೆರಡು ದಿನಗಳಲ್ಲಿ ಎದ್ದುಕಾಣುವ ಆರಾಮ ಸಿಕ್ಕಿದ್ದರೆ ಅದೂ ಒಂದು ಸುಳಿವು.

ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುರುತಿನ ರಕ್ತಪರೀಕ್ಷೆ ನೆರವಾಗುತ್ತದೆ, ಆದರೆ ಅದೊಂದೇ ರೋಗನಿರ್ಣಯವಾಗದು. ಅದನ್ನು ಹೊತ್ತವರಲ್ಲಿ ಬಹುಪಾಲು ಜನರಿಗೆ ಈ ಕಾಯಿಲೆ ಬರುವುದೇ ಇಲ್ಲ. ಸಿಆರ್‌ಪಿ ಸಹಜವಾಗಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದೂ ಹೇಳಲಾಗದು. ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕೆನಿಸುತ್ತದೆ: ಇಂಥವರಿಗೆ ಬೇಕಾದದ್ದು ಬೆನ್ನುಮೂಳೆಯ ಬುಡ ಶ್ರೋಣಿಗೆ ಸೇರುವ ಸೇಕ್ರೋಇಲಿಯಾಕ್ ಕೀಲುಗಳ ಎಂಆರ್‌ಐ. ರೂಢಿಯಂತೆ ಕೆಳಬೆನ್ನಿನದನ್ನು ಮಾತ್ರ ಮಾಡಿಸಿದರೆ ಆ ಕೀಲುಗಳು ಸರಿಯಾಗಿ ಕಾಣುವುದಿಲ್ಲ, ಬದಲಿಗೆ ಒಂದು ಡಿಸ್ಕ್ ಉಬ್ಬು ಕಂಡು ಹುಡುಕಾಟ ಅಲ್ಲಿಗೇ ನಿಂತುಹೋಗುತ್ತದೆ. ಎಕ್ಸ್‌ರೇಯಲ್ಲಿ ಬದಲಾವಣೆ ಮೂಡಲು ವರ್ಷಗಳೇ ಬೇಕಾಗಬಹುದು. ಬೇಗ ಗುರುತಿಸಿದರೆ ವ್ಯಾಯಾಮ, ಉರಿಯೂತ ತಗ್ಗಿಸುವ ಮಾತ್ರೆ, ಅವು ಸಾಲದಿದ್ದರೆ ಜೈವಿಕ ಔಷಧಗಳು, ಹೀಗೆ ಒಳ್ಳೆಯ ದಾರಿಗಳಿವೆ.

ಉತ್ತರ 3: ಬೆನ್ನುಮೂಳೆ ಶಸ್ತ್ರಚಿಕಿತ್ಸಕ

ನಿಮ್ಮ ಎರಡನೆಯ ರೋಗಿಯ ಬಗ್ಗೆ ಬರೆಯುತ್ತೇನೆ, ಡಾಕ್ಟರ್.

ಅವರ ಲಕ್ಷಣಗಳು ಎಲ್5 ನರಮೂಲಕ್ಕೆ ಹೊಂದುತ್ತವೆ. ಎಲ್4-ಎಲ್5 ಮಟ್ಟದಲ್ಲಿ ಡಿಸ್ಕ್ ಹಿಂಬದಿಯ ಪಕ್ಕಕ್ಕೆ ಚಾಚಿದಾಗ ಸಾಮಾನ್ಯವಾಗಿ ಒತ್ತಡಕ್ಕೆ ಸಿಲುಕುವುದು ಅಲ್ಲಿಂದ ಹೊರಹೋಗುವ ಎಲ್4 ಅಲ್ಲ, ಅದನ್ನು ದಾಟಿ ಕೆಳಗಿಳಿಯುವ ಎಲ್5. ಹಾಗಾಗಿ ಇವರಲ್ಲಿ ಸ್ಕ್ಯಾನ್ ಮತ್ತು ಪರೀಕ್ಷೆ ಒಂದಕ್ಕೊಂದು ಕೂಡುತ್ತವೆ. ಎಲ್4 ಆಗಿದ್ದರೆ ಮೊಣಕಾಲಿನ ರಿಫ್ಲೆಕ್ಸ್ ಕುಗ್ಗಿ, ಕಣಕಾಲಿನ ಒಳಬದಿಯ ಸ್ಪರ್ಶ ಮಂದವಾಗುತ್ತಿತ್ತು. ಎಸ್1 ಆಗಿದ್ದರೆ ಹಿಮ್ಮಡಿಯ ರಿಫ್ಲೆಕ್ಸ್ ಕುಗ್ಗಿ, ಪಾದದ ಹೊರ ಅಂಚಿನಲ್ಲಿ ಜೋಮು ಬಂದು, ತುದಿಗಾಲಿನಲ್ಲಿ ಪದೇಪದೇ ಏಳುವುದು ಕಷ್ಟವಾಗುತ್ತಿತ್ತು. ಎಲ್5ಕ್ಕೆ ನಂಬಬಹುದಾದ ರಿಫ್ಲೆಕ್ಸ್ ಇಲ್ಲ, ಆದ್ದರಿಂದ ಹೆಬ್ಬೆರಳಿನ ಬಲವನ್ನು ಎರಡೂ ಕಡೆ ಹೋಲಿಸಿ ನೋಡುವುದನ್ನು ಬಿಡಲೇಬಾರದು. ನೀವು ಅದನ್ನು ನೋಡಿದ್ದೀರಿ ಎಂಬುದು ಸಂತೋಷದ ವಿಷಯ. ಹಿಮ್ಮಡಿಯ ಮೇಲೆ ನಡೆಸಿಯೂ ನೋಡಿ. ಹಾಸಿಗೆಯ ಮೇಲೆ ಕಾಣದ ದೌರ್ಬಲ್ಯ ಅಲ್ಲಿ ಹೊರಬೀಳುತ್ತದೆ.

ಕಾಲನ್ನು ನೇರವಾಗಿ ಎತ್ತುವ ಪರೀಕ್ಷೆಯನ್ನು ಎಲ್ಲರೂ ಮಾಡುತ್ತಾರೆ, ಅದರ ಮಿತಿಯನ್ನು ತಿಳಿದು ಮಾಡಬೇಕು. ಡಿಸ್ಕ್ ಚಾಚಿದವರಲ್ಲಿ ಹೆಚ್ಚಿನವರಿಗೆ ಅದು ಧನಾತ್ಮಕವಾಗಿರುತ್ತದೆ, ಆದರೆ ಡಿಸ್ಕ್ ಚಾಚದ ಅನೇಕರಲ್ಲೂ ಹಾಗೆಯೇ ಬರುತ್ತದೆ. ನೋವಿಲ್ಲದ ಕಾಲನ್ನು ಎತ್ತಿದಾಗ ನೋವಿನ ಕಾಲಿಗೆ ಸೆಳೆತ ಬಂದರೆ ಮಾತ್ರ ಅದು ಬಲವಾದ ಸಾಕ್ಷಿ. ಆದರೆ ಆ ಚಿಹ್ನೆ ಕಾಣುವುದು ಕೆಲವರಲ್ಲೇ. ತೊಡೆಯ ಹಿಂಭಾಗದ ಸ್ನಾಯು ಬಿಗಿಯುವುದನ್ನು ಸೆಳೆತವೆಂದು ಎಣಿಸಬೇಡಿ. ನೋವು ಮೊಣಕಾಲು ದಾಟಿ ಇಳಿಯಬೇಕು.

ಡಿಸ್ಕ್ ಚಾಚಿ ನರವನ್ನು ಒತ್ತುತ್ತದೆಂಬುದನ್ನು ಮಿಕ್ಸ್‌ಟರ್ ಮತ್ತು ಬಾರ್ 1934ರಲ್ಲಿ ಮನಗಾಣಿಸಿದ ಮೇಲೆ ದಶಕಗಳ ಕಾಲ ಕತ್ತರಿಸಿ ತೆಗೆಯುವುದೇ ಪರಿಹಾರವೆಂಬ ಭಾವನೆ ಬೇರೂರಿತ್ತು. ಇಂದು ನಮಗೆ ಹೆಚ್ಚು ತಿಳಿದಿದೆ. ಚಾಚಿದ ಡಿಸ್ಕ್ ಬಹಳಷ್ಟು ಸಲ ತಾನಾಗಿ ಕರಗುತ್ತದೆ. ಅಚ್ಚರಿಯೆಂದರೆ, ತುಂಡಾಗಿ ಹೊರಬಂದು ಸ್ಕ್ಯಾನ್‌ನಲ್ಲಿ ಭಯ ಹುಟ್ಟಿಸುವಂತೆ ಕಾಣುವ ಡಿಸ್ಕ್ ಕರಗುವ ಸಂಭವವೇ ಸಣ್ಣ ಉಬ್ಬಿಗಿಂತ ಹೆಚ್ಚು. ನೆದರ್ಲೆಂಡ್ಸ್‌ನಲ್ಲಿ ತೀವ್ರ ಸಯಾಟಿಕಾ (ಬೆನ್ನಿನಿಂದ ಕಾಲಿಗಿಳಿಯುವ ನರದ ನೋವು) ಇದ್ದ 283 ಮಂದಿಯ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೇಗ ಶಸ್ತ್ರಚಿಕಿತ್ಸೆ ಪಡೆದವರ ಕಾಲುನೋವು ಬೇಗ ಇಳಿಯಿತು, ಆದರೆ ಒಂದು ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಶೇ. 95ರಷ್ಟು ಜನ ಚೇತರಿಸಿಕೊಂಡಿದ್ದರು. ಕಾಯುವ ಗುಂಪಿನಲ್ಲೂ ಸುಮಾರು ಶೇ. 39ರಷ್ಟು ಜನ ಆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು ಎಂಬುದನ್ನೂ ಹೇಳಬೇಕು. ಅಂದರೆ ಶಸ್ತ್ರಚಿಕಿತ್ಸೆಯಿಂದ ಸಿಗುವುದು ಮುಖ್ಯವಾಗಿ ವೇಗ. ನಿದ್ದೆಯಿಲ್ಲದೆ, ಕೆಲಸಕ್ಕೆ ಹೋಗಲಾಗದೆ ಎರಡು ತಿಂಗಳು ನರಳಿದವರಿಗೆ ಆ ವೇಗಕ್ಕೆ ಬೆಲೆಯಿದೆ. ನೋವನ್ನು ತಡೆದುಕೊಂಡು ದಿನದಿನಕ್ಕೆ ಸುಧಾರಿಸುತ್ತಿರುವವರಿಗೆ ಅಷ್ಟಿಲ್ಲ. ಈ ಲೆಕ್ಕವನ್ನು ರೋಗಿಯ ಮುಂದಿಟ್ಟು ನಿರ್ಧಾರವನ್ನು ಅವರೊಂದಿಗೆ ಕೂತು ಮಾಡಬೇಕು.

ಕಾಯಲಾಗದ ಸಂದರ್ಭಗಳು ಎರಡು: ಕಾಡಾ ಈಕ್ವೈನಾ, ಮತ್ತು ಬಲ ದಿನೇದಿನೇ ಕುಸಿಯುತ್ತ ಹೋಗುವುದು ಅಥವಾ ಪಾದವೇ ಜೋತುಬೀಳುವಷ್ಟು ಕುಂದುವುದು. ನಿಮ್ಮ ರೋಗಿಯ ಹೆಬ್ಬೆರಳು ನಿಮ್ಮ ಬೆರಳಿನ ಒತ್ತಡವನ್ನು ಸ್ವಲ್ಪವಾದರೂ ಎದುರಿಸುತ್ತಿದ್ದರೆ, ವಾರಕ್ಕೊಮ್ಮೆ ಅದೇ ಕೈಯಿಂದ ಅದೇ ಪರೀಕ್ಷೆ ಮಾಡಿ ಬರೆದಿಡಿ. ಕುಸಿದರೆ ತಕ್ಷಣ ಕಳುಹಿಸಿ. ಬೆನ್ನುಮೂಳೆಯ ನರದ ಸುತ್ತ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಕೆಲವರಿಗೆ ಕೆಲವು ವಾರಗಳ ಮಟ್ಟಿಗೆ ಕಾಲುನೋವನ್ನು ಇಳಿಸುತ್ತದೆ; ದೂರದ ಪರಿಣಾಮವನ್ನು ಅದರಿಂದ ನಿರೀಕ್ಷಿಸಬಾರದು. ಕಾಲಿಗೆ ಇಳಿಯದ ಬರಿಯ ಬೆನ್ನುನೋವಿಗೆ ಅದನ್ನು ಕೊಡುವುದನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ಮಾತು. ಅರವತ್ತು ದಾಟಿದವರು ‘ನಡೆದರೆ ಎರಡೂ ಕಾಲು ಭಾರವಾಗುತ್ತವೆ, ಕೂತರೆ ಹೋಗುತ್ತದೆ’ ಎಂದರೆ ಬೆನ್ನುಮೂಳೆಯ ನಾಳ ಕಿರಿದಾಗಿರುವುದನ್ನು ಯೋಚಿಸಿ. ರಕ್ತನಾಳದ ತೊಂದರೆಯಲ್ಲಿ ಸುಮ್ಮನೆ ನಿಂತರೂ ನೋವು ಇಳಿಯುತ್ತದೆ. ನಾಳ ಕಿರಿದಾದವರಿಗೆ ಕೂರಬೇಕು ಅಥವಾ ಮುಂದಕ್ಕೆ ಬಾಗಬೇಕು. ಸೈಕಲ್ ತುಳಿಯಲು ತೊಂದರೆಯಿಲ್ಲ, ಆದರೆ ನಡೆಯಲಾಗದು ಎನ್ನುವುದು ಇದರದೇ ಲಕ್ಷಣ. ಪಾದದ ನಾಡಿಯನ್ನು ಮುಟ್ಟಿ ನೋಡಿದರೆ ಅರ್ಧ ಅನುಮಾನ ಅಲ್ಲೇ ಬಗೆಹರಿಯುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ವರ್ಗೀಕರಣದ ಗೊಂದಲ ತಿಳಿಯಾಯಿತು. ಈಗ ಚಿಕಿತ್ಸೆಯ ಕಡೆಗೆ ಬರುತ್ತೇನೆ. ನನ್ನ ಮೊದಲ ರೋಗಿಯಂಥವರಿಗೆ ಈ ಮೊದಲೇ ಯಾರೋ ಹದಿನೈದು ದಿನ ಮಲಗಿರಲು ಹೇಳಿ, ಬೆಲ್ಟ್ ಕೊಟ್ಟು, ಪ್ಯಾರಾಸಿಟಮಾಲ್, ಸ್ನಾಯು ಸಡಿಲಿಸುವ ಮಾತ್ರೆ, ನರದ ನೋವಿಗೆ ಕೊಡುವ ಪ್ರೀಗಾಬಲಿನ್ ಮೂರನ್ನೂ ಒಟ್ಟಿಗೆ ಬರೆದಿರುತ್ತಾರೆ. ಅದನ್ನೆಲ್ಲ ನಿಲ್ಲಿಸಿ ಎಂದರೆ ‘ಇವರಿಗೆ ನನ್ನ ನೋವು ಅರ್ಥವಾಗಿಲ್ಲ’ ಎಂದುಕೊಳ್ಳುತ್ತಾರೆ. ಮೂರು ತಿಂಗಳು ದಾಟಿದವರ ಪರಿಸ್ಥಿತಿಯಂತೂ ಇನ್ನೂ ಕಷ್ಟ. ‘ನಿರ್ದಿಷ್ಟವಲ್ಲದ ನೋವು’ ಎಂದು ಅವರಿಗೆ ಹೇಳುವುದಾದರೂ ಹೇಗೆ?

ಉತ್ತರ 4: ಫಿಸಿಯೋಥೆರಪಿಸ್ಟ್

ಮೇಡಂ, ರೋಗಿಯ ಮುಂದೆ ‘ನಿರ್ದಿಷ್ಟವಲ್ಲದ’ ಎನ್ನುವ ಅಗತ್ಯವೇ ಇಲ್ಲ; ಅದು ನಮ್ಮ ಕಡತದ ಹೆಸರು. ನಾನು ಹೇಳುವುದು ಇಷ್ಟು: ‘ನಿಮ್ಮ ನೋವು ನಿಜ. ಮುರಿತ, ಸೋಂಕು, ಗಡ್ಡೆ, ನರದ ಒತ್ತಡ ಇವ್ಯಾವುವೂ ಇಲ್ಲವೆಂದು ಪರೀಕ್ಷೆ ಮಾಡಿ ನೋಡಿದ್ದೇವೆ. ಸ್ನಾಯು, ಕೀಲು, ಡಿಸ್ಕ್ ಇವುಗಳಲ್ಲಿ ಯಾವುದೋ ಕೆರಳಿದೆ; ಯಾವುದೆಂದು ಖಚಿತವಾಗಿ ಬೇರ್ಪಡಿಸಲು ಆಗದಿದ್ದರೂ ಚಿಕಿತ್ಸೆ ಒಂದೇ, ಮತ್ತು ಹೆಚ್ಚಿನವರು ಕೆಲವು ವಾರಗಳಲ್ಲಿ ಬಹುಮಟ್ಟಿಗೆ ಸುಧಾರಿಸುತ್ತಾರೆ.’ ಪೂರ್ತಿ ಪರೀಕ್ಷೆ ಮಾಡಿದ ಕೈಯಿಂದ ಈ ಮಾತು ಬಂದರೆ ರೋಗಿ ನಂಬುತ್ತಾರೆ. ಅವರು ಅಂಗಿ ತೆಗೆದು ಬಾಗುವುದನ್ನೂ ನೋಡದೆ ಹೇಳಿದರೆ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

‘ಮೂಳೆ ಸವೆದಿದೆ’, ‘ಗ್ಯಾಪ್ ಬಂದಿದೆ’, ‘ಇನ್ನು ಜೀವಮಾನದಲ್ಲಿ ಬಾಗಬೇಡಿ’ ಎಂಬ ಮಾತುಗಳನ್ನು ದಯವಿಟ್ಟು ನಾವೆಲ್ಲ ಕೈಬಿಡೋಣ. ಈ ಮಾತನ್ನು ಕೇಳಿದವರು ಹತ್ತು ವರ್ಷದ ನಂತರವೂ ಬೆನ್ನನ್ನು ಗಾಜಿನ ಪಾತ್ರೆಯೆಂಬಷ್ಟು ಜೋಪಾನವಾಗಿ ಹೊತ್ತು ತಿರುಗುವುದನ್ನು ನಾನು ಕಾಣುತ್ತಲೇ ಇದ್ದೇನೆ. ಬಾಗುವಾಗ ಉಸಿರು ಬಿಗಿಹಿಡಿದು, ಸೊಂಟದ ಸ್ನಾಯುಗಳನ್ನು ಸೆಟೆಸಿಕೊಂಡು ಬಾಗುತ್ತಾರೆ. ಆ ಸೆಟೆತವೇ ನೋವನ್ನು ಹೆಚ್ಚಿಸುತ್ತದೆ.

ಮಲಗಿರುವ ಸಲಹೆಗೆ ಆಧಾರವಿಲ್ಲವೆಂದು ತಿಳಿದು ಕಾಲವಾಯಿತು. ಹೆಲ್ಸಿಂಕಿಯಲ್ಲಿ ನಡೆದು 1995ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತೀವ್ರ ಬೆನ್ನುನೋವಿನವರ ಮೂರು ಗುಂಪುಗಳಲ್ಲಿ ಹಾಸಿಗೆ ಹಿಡಿದವರಿಗಿಂತಲೂ ಬೆನ್ನಿನ ವ್ಯಾಯಾಮ ಮಾಡಿದವರಿಗಿಂತಲೂ, ನೋವು ಬಿಟ್ಟಷ್ಟು ಮಟ್ಟಿಗೆ ದಿನದ ಕೆಲಸಗಳನ್ನು ಮುಂದುವರಿಸಿದವರೇ ಬೇಗ ಚೇತರಿಸಿಕೊಂಡರು. ಇದರಲ್ಲಿ ನನ್ನ ವೃತ್ತಿಗೂ ಪಾಠವಿದೆ: ಮೊದಲ ವಾರದಲ್ಲೇ ವ್ಯಾಯಾಮದ ದೊಡ್ಡ ಪಟ್ಟಿ ಕೊಡಬೇಕಾಗಿಲ್ಲ. ಬಿಸಿ ಶಾಖ, ಆಗಾಗ ಭಂಗಿ ಬದಲಿಸುವುದು, ಸ್ವಲ್ಪ ಸ್ವಲ್ಪ ನಡೆಯುವುದು ಸಾಕು.

ಆದರೆ ಯಾರು ತಾವಾಗಿ ಸುಧಾರಿಸುತ್ತಾರೆ, ಯಾರಿಗೆ ಹೆಚ್ಚಿನ ನೆರವು ಬೇಕು ಎಂಬುದನ್ನು ಮೊದಲೇ ಅಂದಾಜು ಮಾಡಬಹುದು. ಇಂಗ್ಲೆಂಡ್‌ನ ಕೀಲ್ ವಿಶ್ವವಿದ್ಯಾಲಯದವರು ರೂಪಿಸಿದ ಒಂಬತ್ತು ಪ್ರಶ್ನೆಗಳ ‘ಸ್ಟಾರ್ಟ್ ಬ್ಯಾಕ್’ ಎಂಬ ಸಾಧನವಿದೆ. ಮೂರು ಅಥವಾ ಅದಕ್ಕಿಂತ ಕಡಿಮೆ ಅಂಕ ಬಂದವರಿಗೆ ಧೈರ್ಯ ಮತ್ತು ಸಲಹೆ ಸಾಕು. ನಾಲ್ಕು ಅಥವಾ ಹೆಚ್ಚು ಬಂದವರಲ್ಲಿ ಭಯ, ಆತಂಕ, ಬೇಸರಗಳನ್ನು ಕುರಿತ ಕೊನೆಯ ಐದು ಪ್ರಶ್ನೆಗಳಲ್ಲೇ ನಾಲ್ಕು ಅಥವಾ ಐದು ಅಂಕ ಬಂದವರಿಗೆ ವ್ಯಾಯಾಮದ ಜೊತೆ ಮನಸ್ಸಿನ ಕಡೆಯೂ ಗಮನ ಕೊಡುವ ಚಿಕಿತ್ಸೆ ಬೇಕು. ಬಾಗಿದರೆ ಏನೋ ಹರಿದುಹೋಗುತ್ತದೆ ಎಂಬ ಭಯ, ನಿದ್ದೆಗೇಡು, ಕೆಲಸದ ಸ್ಥಳದ ಅತೃಪ್ತಿ, ‘ಇದು ಎಂದೂ ವಾಸಿಯಾಗದು’ ಎಂಬ ನಂಬಿಕೆ, ಇವೇ ತೀವ್ರ ನೋವನ್ನು ದೀರ್ಘಕಾಲಿಕವಾಗಿಸುವ ಶಕ್ತಿಗಳು. ಅದಕ್ಕೆಂದು ‘ನಿಮ್ಮ ನೋವು ಮನಸ್ಸಿನದು’ ಎಂದು ಹೇಳುವುದು ತಪ್ಪು, ಕ್ರೂರವೂ ಹೌದು.

ಮೂರು ತಿಂಗಳು ದಾಟಿದವರಿಗೆ ವ್ಯಾಯಾಮವೇ ಆಧಾರ. ಯಾವ ಬಗೆಯದು ಎಂಬ ಚರ್ಚೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಒಂದು ಪದ್ಧತಿ ಇನ್ನೊಂದಕ್ಕಿಂತ ಬಹಳ ಮೇಲೆಂದು ತೋರಿಲ್ಲ, ರೋಗಿ ಬಿಡದೆ ಮಾಡುವುದೇ ಅವರಿಗೆ ಒಳ್ಳೆಯದು. ಚಲನೆಯ ಭಯವನ್ನು ಚಲನೆಯಿಂದಲೇ ಕಳೆಯುವ ಒಂದು ವಿಧಾನವನ್ನು ಆಸ್ಟ್ರೇಲಿಯಾದಲ್ಲಿ 492 ದೀರ್ಘಕಾಲಿಕ ರೋಗಿಗಳ ಮೇಲೆ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದರು. ಅದರ ಲಾಭ ಒಂದು ವರ್ಷದ ನಂತರವೂ ಉಳಿದಿತ್ತು. ನೋವು ವಾಸಿಯಾದವರಲ್ಲಿ ಅದು ಮರುಕಳಿಸುವುದನ್ನು ತಡೆಯಲು ನಡಿಗೆಯೇ ಸಾಕಾಗಬಹುದೆಂಬುದಕ್ಕೂ ಸಾಕ್ಷಿ ಸಿಕ್ಕಿದೆ. 701 ಮಂದಿಯ ಮೇಲೆ ನಡೆದು 2024ರಲ್ಲಿ ಬಂದ ಪ್ರಯೋಗದಲ್ಲಿ, ಹಂತಹಂತವಾಗಿ ನಡಿಗೆ ಹೆಚ್ಚಿಸಿಕೊಂಡವರಿಗೆ ನೋವು ಮರಳಲು ಹಿಡಿದ ಮಧ್ಯಕ ಅವಧಿ 208 ದಿನ, ಉಳಿದವರಿಗೆ 112 ದಿನ. ಬೆಲ್ಟ್ ಮತ್ತು ಎಳೆತದ ಚಿಕಿತ್ಸೆಯನ್ನು ದೀರ್ಘಕಾಲಿಕ ನೋವಿಗೆ ರೂಢಿಯಾಗಿ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ.

ಉತ್ತರ 5: ಕುಟುಂಬ ವೈದ್ಯಶಾಸ್ತ್ರದ ಬೋಧಕ

ಔಷಧಗಳ ಪ್ರಶ್ನೆ ಉಳಿದಿದೆ, ಅದಕ್ಕೆ ಉತ್ತರಿಸುತ್ತೇನೆ.

ಪ್ಯಾರಾಸಿಟಮಾಲ್‌ಅನ್ನು 1652 ತೀವ್ರ ಬೆನ್ನುನೋವಿನ ರೋಗಿಗಳಲ್ಲಿ ಪರೀಕ್ಷಿಸಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಕ್ರಮವಾಗಿ ತೆಗೆದುಕೊಂಡವರು, ಬೇಕಾದಾಗ ಮಾತ್ರ ತೆಗೆದುಕೊಂಡವರು, ಸತ್ವವಿಲ್ಲದ ಮಾತ್ರೆ ಪಡೆದವರು, ಮೂರೂ ಗುಂಪಿನವರು ಚೇತರಿಸಿಕೊಂಡದ್ದು ಹೆಚ್ಚುಕಡಿಮೆ ಒಂದೇ ಅವಧಿಯಲ್ಲಿ, ಸುಮಾರು ಹದಿನೇಳು ದಿನಗಳಲ್ಲಿ. ಹಾಗಾಗಿ ಅದೊಂದನ್ನೇ ಬರೆದು ಕಳುಹಿಸುವುದರಲ್ಲಿ ಅರ್ಥವಿಲ್ಲ. ಐಬುಪ್ರೊಫೆನ್, ನ್ಯಾಪ್ರಾಕ್ಸೆನ್‌ನಂಥ ಉರಿಯೂತ ತಗ್ಗಿಸುವ ಮಾತ್ರೆಗಳಿಂದ ಲಾಭವಿದೆ, ಆದರೆ ಅದು ಸಾಧಾರಣ ಮಟ್ಟದ್ದು. ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನ ಕೊಡಿ. ಜಠರದ ಹುಣ್ಣು, ಮೂತ್ರಪಿಂಡದ ತೊಂದರೆ, ಹೃದ್ರೋಗ, ರಕ್ತ ತೆಳುಮಾಡುವ ಔಷಧ ಇವನ್ನು ಕೇಳದೆ ಕೊಡಬೇಡಿ. ಸ್ನಾಯು ಸಡಿಲಿಸುವ ಮಾತ್ರೆಗಳ ಲಾಭ ಅಲ್ಪ, ಮಂಪರು ಹೆಚ್ಚು. ವಾಹನ ಓಡಿಸುವವರಲ್ಲಿ, ವಯಸ್ಸಾದವರಲ್ಲಿ ಬೇಡವೆಂದೇ ನನ್ನ ಅಭಿಪ್ರಾಯ.

ಪ್ರೀಗಾಬಲಿನ್ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಿಮ್ಮ ಮೊದಲ ರೋಗಿಗೆ ನರದ ನೋವೇ ಇಲ್ಲ, ಕೊಡಲು ಕಾರಣವೇ ಇಲ್ಲ. ನರದ ನೋವಿರುವ ಸಯಾಟಿಕಾದಲ್ಲೂ 209 ಮಂದಿಯ ಮೇಲೆ ನಡೆದ 2017ರ ಪ್ರಯೋಗದಲ್ಲಿ ಅದು ಕಾಲುನೋವನ್ನು ಸತ್ವವಿಲ್ಲದ ಮಾತ್ರೆಗಿಂತ ಹೆಚ್ಚು ಇಳಿಸಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಿತು. ಬ್ರಿಟನ್‌ನ ನೈಸ್ ಎಂಬ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಸಯಾಟಿಕಾಗೆ ಅದನ್ನು ಕೊಡಬೇಡಿ ಎಂದೇ ಹೇಳುತ್ತದೆ. ಬಹುಕಾಲದಿಂದ ತೆಗೆದುಕೊಳ್ಳುತ್ತಿರುವವರಲ್ಲಿ ಥಟ್ಟನೆ ನಿಲ್ಲಿಸದೆ ಹಂತಹಂತವಾಗಿ ಇಳಿಸಿ. ಅಫೀಮು ವರ್ಗದ ನೋವುನಿವಾರಕಗಳಾದ ಓಪಿಯಾಯ್ಡ್‌ಗಳೂ ಅಷ್ಟೆ: ತೀವ್ರ ಬೆನ್ನು ಮತ್ತು ಕುತ್ತಿಗೆ ನೋವಿನ 347 ಮಂದಿಯಲ್ಲಿ ಪರೀಕ್ಷಿಸಿದ 2023ರ ಪ್ರಯೋಗದಲ್ಲಿ ಆರು ವಾರಕ್ಕೆ ಯಾವ ಲಾಭವೂ ಕಾಣಲಿಲ್ಲ. ದೀರ್ಘಕಾಲಿಕ ನೋವಿಗೆ ಖಿನ್ನತೆ ತಗ್ಗಿಸುವ ಔಷಧವಾದ ಡುಲೋಕ್ಸೆಟಿನ್ ಕುರಿತು ಮಾರ್ಗಸೂಚಿಗಳಲ್ಲೇ ಒಮ್ಮತವಿಲ್ಲ. ಅಮೆರಿಕದ ವೈದ್ಯರ ಕಾಲೇಜು 2017ರಲ್ಲಿ ಅದನ್ನು ಎರಡನೆಯ ಆಯ್ಕೆಯಾಗಿ ಒಪ್ಪಿತು, ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಆ ವರ್ಗದ ಔಷಧಗಳನ್ನು ರೂಢಿಯಾಗಿ ಕೊಡಬೇಡಿ ಎಂದಿತು. ಖಿನ್ನತೆಯೂ ಜೊತೆಗಿರುವವರಲ್ಲಿ ಮಾತ್ರ ನಾನು ಅದನ್ನು ಯೋಚಿಸುತ್ತೇನೆ.

‘ನಿಲ್ಲಿಸಿ’ ಎಂದಾಗ ರೋಗಿ ಬೇಸರಿಸುತ್ತಾರೆ ಎಂದಿರಿ. ನಿಲ್ಲಿಸುವ ಮಾತಿನ ಜೊತೆಗೇ ಮತ್ತೆ ಬರಬೇಕಾದ ದಿನಾಂಕವನ್ನು ಬರೆದುಕೊಡಿ. ಕೈಬಿಟ್ಟರು ಎಂಬ ಭಾವನೆ ಅದರಿಂದ ಬಹುಮಟ್ಟಿಗೆ ಹೋಗುತ್ತದೆ. ನಿಮ್ಮ ಮೊದಲ ರೋಗಿಯನ್ನು ಎರಡು ವಾರಕ್ಕೆ ಕರೆಯಿರಿ, ಎರಡನೆಯವರನ್ನು ಒಂದು ವಾರಕ್ಕೆ. ಮೂತ್ರ, ಮಲ, ಕೂರುವ ಭಾಗದ ಸ್ಪರ್ಶ, ಪಾದದ ಬಲ, ಜ್ವರ ಇವುಗಳಲ್ಲಿ ಏನು ಬದಲಾದರೂ ದಿನಾಂಕಕ್ಕೆ ಕಾಯದೆ ಬರಬೇಕೆಂದು ಬಾಯಲ್ಲಿ ಹೇಳಿ, ಚೀಟಿಯಲ್ಲೂ ಬರೆಯಿರಿ. ಆರು ವಾರಕ್ಕೂ ಸುಧಾರಣೆ ಕಾಣದಿದ್ದರೆ ಮಾತ್ರೆಯನ್ನು ಬದಲಿಸುವ ಮೊದಲು ವರ್ಗೀಕರಣವನ್ನೇ ಮತ್ತೆ ಮೊದಲಿನಿಂದ ಮಾಡಿ: ಪುನಃ ಕೇಳಿ, ಪುನಃ ಪರೀಕ್ಷಿಸಿ, ಮೇಲೆ ಸಂಧಿವಾತ ತಜ್ಞೆ ಪಟ್ಟಿ ಮಾಡಿದ ಪ್ರಶ್ನೆಗಳನ್ನೂ ಅಂದು ಬಿಡದೆ ಕೇಳಿ.